ಬೆಳಕಿನ ವೇಗವನ್ನು ಒಂದೇ ದಿಕ್ಕಿನಲ್ಲಿ ಅಳೆಯೋಕೆ ಆಗುತ್ತಾ?

ಆಗಲ್ಲ. ಇದುವರೆಗೆ ಅಳೆದಿರುವುದೆಲ್ಲ ಬೆಳಕು ಹೋಗಿ ವಾಪಸ್ ಬರುವ ಸರಾಸರಿ ವೇಗ.

1849ರಲ್ಲಿ ಫ್ರೆಂಚ್ ವಿಜ್ಞಾನಿ ಫಿಜೋ ಪ್ಯಾರಿಸ್ ಹತ್ತಿರ ಮಾಡಿದ ಪ್ರಯೋಗ ನೋಡಿ. 720 ಹಲ್ಲುಗಳ ಚಕ್ರ ಜೋರಾಗಿ ತಿರುಗುತ್ತಿದೆ. ಎರಡು ಹಲ್ಲುಗಳ ಸಂದಿಯಿಂದ ನುಗ್ಗಿದ ಬೆಳಕು ಸುಮಾರು 8.6 ಕಿಲೋಮೀಟರ್ ದೂರದ ಕನ್ನಡಿಗೆ ಬಡಿದು ವಾಪಸ್ ಬರುವಷ್ಟರಲ್ಲಿ ಪಕ್ಕದ ಹಲ್ಲು ಅಡ್ಡ ಬರುತ್ತದೆ, ಬೆಳಕು ಕಾಣುವುದಿಲ್ಲ. ಚಕ್ರದ ವೇಗ ಗೊತ್ತಿದ್ದರೆ ಲೆಕ್ಕ ಸಿಕ್ಕಿತು. ಹೊರಟ ಜಾಗಕ್ಕೇ ಮರಳುವುದರಿಂದ ಒಂದೇ ಗಡಿಯಾರ ಸಾಕು.

ಒಂದೇ ದಿಕ್ಕಿಗೆ ಅಂದರೆ ಆ ತುದಿಯಲ್ಲೂ ಗಡಿಯಾರ ಬೇಕು, ಎರಡೂ ಒಂದೇ ಸಮಯ ತೋರಿಸಬೇಕು. ಹೊಂದಿಸೋದು ಹೇಗೆ? ಸಿಗ್ನಲ್ ಕಳಿಸಿದರೆ ಅದರ ವೇಗ ಮೊದಲೇ ಗೊತ್ತಿರಬೇಕು, ನಾವು ಹುಡುಕ್ತಿರೋದೇ ಅದನ್ನು ಅಲ್ವಾ! ಇಲ್ಲೇ ಹೊಂದಿಸಿ ನಿಧಾನವಾಗಿ ಹೊತ್ತುಕೊಂಡು ಹೋಗೋಣ ಅಂದರೆ, ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಚಲಿಸುವ ಗಡಿಯಾರ ಹಿಂದೆ ಬೀಳುತ್ತದೆ, ಎಷ್ಟು ಅನ್ನುವ ಲೆಕ್ಕದಲ್ಲೂ ಬೆಳಕಿನ ಒಂದು ದಿಕ್ಕಿನ ವೇಗದ ಬಗೆಗಿನ ಊಹೆಯೇ ಅಡಗಿದೆ. ನನಗೆ ತುಂಬಾ ಹಿಡಿಸಿದ ಭಾಗ ಇದೇ.

ಐನ್‌ಸ್ಟೈನ್ 1905ರಲ್ಲಿ ಇದನ್ನು ನೇರವಾಗಿಯೇ ಹೇಳಿದರು: ಹೋಗುವ ಸಮಯ, ಬರುವ ಸಮಯ ಸಮ ಅನ್ನುವುದು ನಾವು ಇಟ್ಟುಕೊಳ್ಳುವ ವ್ಯಾಖ್ಯಾನ. ಹೋಗುವಾಗ ಅರ್ಧ ವೇಗ, ಬರುವಾಗ ಸಮಯವೇ ಹಿಡಿಯಲ್ಲ ಅಂದುಕೊಂಡರೂ ಯಾವ ಪ್ರಯೋಗದ ಫಲಿತಾಂಶವೂ ಬದಲಾಗಲ್ಲ, ಸುಮ್ನೆ ಲೆಕ್ಕ ಜಾಸ್ತಿ ಗೋಜಲಾಗುತ್ತದೆ.