ಮದುವೆ ಮನೆಗೆ ಬೇಕಿದ್ದ ಎಂಟು ಬೀಜ

ಹೆಸರು, ಊರು, ಮನೆಯವರ ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಹುಡುಗಿಯೂ ಅವಳ ಅಪ್ಪ ಅಮ್ಮನೂ ಒಪ್ಪಿದ್ದಾರೆ.

ಚೈತ್ರ ಅಂತ ಕರೆಯೋಣ. ವಯಸ್ಸು 18. ಜಗಳೂರು ಕಡೆಯ ಒಂದು ಹಳ್ಳಿ. ಅಪ್ಪನದು ಮೆಕ್ಕೆಜೋಳದ ಬೇಸಾಯ. ಪಿಯುಸಿ ಓದಿದ್ದು ದಾವಣಗೆರೆಯಲ್ಲಿ, ಹಾಸ್ಟೆಲ್‌ನಲ್ಲಿ ಇದ್ದುಕೊಂಡು. ಸಿಇಟಿ ರ‍್ಯಾಂಕ್ ಬಂದು ಎಂಜಿನಿಯರಿಂಗ್ ಸೀಟಿಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬೋದು, ಶುರುವಾಗುವ ಹೊತ್ತಿಗೆ ಅವಳ ಅಮ್ಮ ವಿದ್ಯಾನಗರದ ನನ್ನ ಆಪ್ತಸಮಾಲೋಚನೆ ಕೊಠಡಿಗೆ ಕರೆದುಕೊಂಡು ಬಂದರು. "ಹತ್ತು ದಿನ ಆತು ಮೇಡಂ, ಸರಿಯಾಗಿ ಉಂಡಿಲ್ಲ. ರಾತ್ರಿ ಎರಡಾದ್ರೂ ಫೋನ್ ಹಿಡ್ಕಂಡು ಕುಂತಿರ್ತಾಳೆ" ಅಂದರು.

ಹುಡುಗಿ ಮಾತಾಡಲಿಲ್ಲ. ಬ್ಯಾಗಿನಿಂದ 200 ಪುಟದ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು. ಎಡಕ್ಕೆ ಕಾಲೇಜಿನ ಹೆಸರು, ಬಲಕ್ಕೆ ಮೂರು ಕಲಂ. ಮೊದಲನೆಯದು ಕಾಲೇಜುಗಳಿಗೆ ಸ್ಥಾನ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ. ಇನ್ನೆರಡು ಯಾವುದೋ ಪತ್ರಿಕೆಗಳು ಮಾಡಿದ ಪಟ್ಟಿ. ಒಂದೇ ಕಾಲೇಜಿಗೆ ಮೂರು ಕಡೆ ಮೂರು ನಂಬರು. ದಾವಣಗೆರೆಯ ಒಂದು ಕಾಲೇಜಿನ ಮುಂದೆ ಮಾತ್ರ ನಂಬರು ಇರಲಿಲ್ಲ. ಅಲ್ಲಿ ಕೆಂಪು ಪೆನ್ನಿನಲ್ಲಿ "ಇಲ್ಲ" ಅಂತ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಹಾಳೆಯೇ ತೂತು ಬಿದ್ದಿತ್ತು.

ವಿಷಯ ಇಷ್ಟು. ಅವಳ ಸಿಇಟಿ ರ‍್ಯಾಂಕಿಗೆ ದಾವಣಗೆರೆಯ ಆ ಕಾಲೇಜಿನಲ್ಲಿ ಸರ್ಕಾರಿ ಕೋಟಾದಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವಂತಿತ್ತು. ಅವಳಿಗೆ ಇಷ್ಟದ ಬ್ರಾಂಚೂ ಅದೇ. ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಮಾತ್ರ ಅದು ಬೇಡ ಅಂದಿದ್ದರು. ಅಲ್ಲಿನ ಒಂದು ಖಾಸಗಿ ಕಾಲೇಜು ಎನ್‌ಐಆರ್‌ಎಫ್ ಪಟ್ಟಿಯಲ್ಲಿ 151ರಿಂದ 200ರ ಗುಂಪಿನಲ್ಲಿತ್ತು. ಮ್ಯಾನೇಜ್‌ಮೆಂಟ್ ಸೀಟು ಕೊಡಿಸೋಣ, ಖರ್ಚಾದರೂ ಪರವಾಗಿಲ್ಲ ಅನ್ನೋದು ಅವರ ಮಾತು. ಅಪ್ಪ ಒಂದು ಎಕರೆ ಮಾರೋದಕ್ಕೆ ಗಿರಾಕಿಯನ್ನೂ ನೋಡಿ ಇಟ್ಟಿದ್ದರು.

ನಿದ್ದೆ, ಊಟ ಎರಡೂ ಕೆಟ್ಟಿದ್ದ ಕಾರಣ ಮೊದಲು ನೇರವಾಗಿ ಕೇಳಿದೆ: ಸಾಯಬೇಕು ಅಂತ ಅನಿಸಿದೆಯಾ? ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿಗೂ ಅಮ್ಮನ ಫೋನಿಗೂ ಹಾಕಿಸಿದೆ. ಫಲಿತಾಂಶದ ದಿನಗಳಲ್ಲಿ ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳದೆ ಬಿಡೋದಿಲ್ಲ. ಕೇಳಿದರೆ ಇಲ್ಲದ ಯೋಚನೆ ಬರುತ್ತೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗೇನೂ ಆಗೋದಿಲ್ಲ. ಕೇಳಿದಾಗ ಮಕ್ಕಳಿಗೆ ಹಗುರ ಆಗುತ್ತೆ.

ಆಮೇಲೆ ಒಂದು ತಪ್ಪು ಮಾಡಿದೆ. "ರ‍್ಯಾಂಕೆಲ್ಲ ಅಷ್ಟು ಮುಖ್ಯ ಅಲ್ಲ ಕಣಮ್ಮ" ಅಂದುಬಿಟ್ಟೆ. ಅವಳು ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಹತ್ತು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸವನ್ನು ನಾನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆ. ಅವತ್ತು ಅವಳು ಮತ್ತೆ ಬಾಯಿ ಬಿಡಲಿಲ್ಲ.

ಎರಡನೇ ಸಲ ಬಂದಾಗ ನಾನೇ ಕೇಳಿದೆ, "ನೋಟ್‌ಬುಕ್ ತಂದಿದ್ದೀಯಾ? ಈ ನಂಬರು ಹೇಗೆ ಹಾಕ್ತಾರೆ ಅಂತ ಇವತ್ತು ನೋಡೋಣ."

"ಒಳ್ಳೇ ಕಾಲೇಜಿಗೆ ಮುಂದಿನ ನಂಬರು ಕೊಡ್ತಾರೆ ಅಲ್ವಾ ಮೇಡಂ?"

ಚಿಕ್ಕ ಮಕ್ಕಳು ಬಂದಾಗ ಬೇಕಾಗುತ್ತೆ ಅಂತ ನನ್ನ ಡ್ರಾಯರಿನಲ್ಲಿ ಒಂದು ಡಬ್ಬಿ ಹುಣಸೆಬೀಜ ಇರುತ್ತದೆ. ನೂರು ಎಣಿಸಿ ಮೇಜಿನ ಮೇಲೆ ಸುರಿದೆ. ಎನ್‌ಐಆರ್‌ಎಫ್ ಎಂಜಿನಿಯರಿಂಗ್ ಕಾಲೇಜುಗಳಿಗೆ ನೂರಕ್ಕೆ ಲೆಕ್ಕ ಹಾಕುತ್ತದೆ. ಬೋಧನೆ, ಅಧ್ಯಾಪಕರು, ಸೌಲಭ್ಯಕ್ಕೆ 30. ಸಂಶೋಧನೆಗೆ 30. ಪಾಸಾಗುವುದು, ಕೆಲಸ, ಮುಂದಿನ ಓದು, ಇವಕ್ಕೆ 20. ಯಾರ್ಯಾರಿಗೆ ಬಾಗಿಲು ತೆರೆದಿದೆ ಅನ್ನೋದಕ್ಕೆ 10. ಉಳಿದ 10 ಜನಾಭಿಪ್ರಾಯಕ್ಕೆ, ಅಂದರೆ ಬೇರೆ ಕಡೆಯ ಪ್ರಾಧ್ಯಾಪಕರು ಮತ್ತು ಕೆಲಸ ಕೊಡುವವರು ಆ ಕಾಲೇಜಿನ ಬಗ್ಗೆ ಏನಂದುಕೊಂಡಿದ್ದಾರೆ ಅನ್ನೋದಕ್ಕೆ. ಅವಳ ಕೈಯಲ್ಲೇ ಐದು ಗುಂಪು ಮಾಡಿಸಿದೆ.

ಸಂಶೋಧನೆಯ ಗುಂಪಿನ ಮುಂದೆ ಕೈ ನಿಂತಿತು. "ಇದು ನನಗೆ ಯಾಕೆ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಎಷ್ಟು ಪ್ರಬಂಧ ಬಂತು, ಎಷ್ಟು ಪೇಟೆಂಟ್ ಸಿಕ್ಕಿತು ಅನ್ನೋದು ದೇಶಕ್ಕೆ ಬೇಕು. ಪಿಎಚ್‌ಡಿ ಮಾಡುವವರಿಗಂತೂ ಬೇಕೇ ಬೇಕು. ಆದರೆ ಮೊದಲನೇ ಸೆಮಿಸ್ಟರ್‌ನಲ್ಲಿ ಗಣಿತ ಅರ್ಥವಾಗದೆ ಕೂತ ಹುಡುಗಿಯ ಬೆಂಚಿನ ಹತ್ತಿರ ಮೇಷ್ಟ್ರು ಬಂದು ನಿಲ್ಲುತ್ತಾರಾ? ಅದಕ್ಕೆ ಈ ಮೂವತ್ತು ಬೀಜಗಳಲ್ಲಿ ಉತ್ತರ ಇಲ್ಲ.

ಇನ್ನೊಂದು ಸಂಗತಿ ನನಗೆ ಯಾವಾಗಲೂ ಚುಚ್ಚುತ್ತದೆ. ಬಾಗಿಲು ತೆರೆದಿದೆಯಾ ಅನ್ನುವ ಆ ಹತ್ತರಲ್ಲಿ ಹುಡುಗಿಯರು ಎಷ್ಟು, ಬಡವರು ಮತ್ತು ಹಿಂದುಳಿದವರು ಎಷ್ಟು ಅಂತ ನೋಡುತ್ತಾರೆ. ಒಳ್ಳೆಯದೇ. ಬೇರೆ ರಾಜ್ಯ, ಬೇರೆ ದೇಶದಿಂದ ಎಷ್ಟು ಜನ ಬಂದಿದ್ದಾರೆ ಅಂತಲೂ ನೋಡುತ್ತಾರೆ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆಯ ಮಕ್ಕಳನ್ನೇ ತುಂಬಿಕೊಂಡು ಪಾಠ ಮಾಡುವ ನಮ್ಮ ಕಡೆಯ ಕಾಲೇಜಿಗೆ ಆ ಕಲಂನಲ್ಲಿ ಏನು ಸಿಗಬೇಕು? ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯನ್ನು ಎಲ್ಲಿಂದ ಎಲ್ಲಿಗೆ ಮುಟ್ಟಿಸಿದರು ಅನ್ನೋದನ್ನು ಅಳೆಯುವ ಕಲಂ ಅಲ್ಲಿಲ್ಲ. ಜನಾಭಿಪ್ರಾಯದ ಹತ್ತೂ ಹಾಗೇ. ಮಹಾನಗರದ ಕಾಲೇಜಿನ ಹೆಸರು ಹತ್ತು ಜನರ ಕಿವಿಗೆ ಬಿದ್ದಿರುತ್ತದೆ. ಜಿಲ್ಲೆಯ ಕಾಲೇಜಿನ ಹೆಸರು ಬೀಳಬೇಕಾದರೆ ವರ್ಷಗಳೇ ಬೇಕು. ಇದನ್ನು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಚೈತ್ರ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಆದ್ರೂ ನಂಬರು ಸುಮ್ನೆ ಕೊಡಲ್ಲ ಅಲ್ವಾ? ಲೆಕ್ಕ ಹಾಕಿರ್ತಾರೆ." ಹೌದು, ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕದ ಬಹುಪಾಲು ಅಂಕಿ ಅಂಶ ಕೊಡೋದು ಕಾಲೇಜುಗಳೇ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಷಯ ಹೇಳಿದೆ. ಅಲ್ಲಿನ ಒಂದು ಹೆಸರಾಂತ ಪಟ್ಟಿಯಲ್ಲಿ ಅದು 2ನೇ ಸ್ಥಾನದಲ್ಲಿತ್ತು. 2022ರ ಫೆಬ್ರುವರಿಯಲ್ಲಿ ಅಲ್ಲಿಯದೇ ಗಣಿತ ಪ್ರಾಧ್ಯಾಪಕ ಮೈಕೇಲ್ ಥ್ಯಾಡಿಯಸ್, ನಮ್ಮ ವಿಶ್ವವಿದ್ಯಾಲಯ ಕೊಟ್ಟ ಅಂಕಿಗಳು ಸರಿಯಿಲ್ಲ ಅಂತ ಲೆಕ್ಕ ಸಮೇತ ಬರೆದರು. ಸೆಪ್ಟೆಂಬರ್‌ನಲ್ಲಿ ಹೊಸ ಪಟ್ಟಿ ಬಂದಾಗ ಅದು 18ಕ್ಕೆ ಇಳಿದಿತ್ತು. ಆ ಆರೇಳು ತಿಂಗಳಲ್ಲಿ ತರಗತಿಗಳು ಅವೇ, ಲೈಬ್ರರಿ ಅದೇ, ಮೇಷ್ಟ್ರುಗಳೂ ಹೆಚ್ಚುಕಮ್ಮಿ ಅವರೇ. ಅವಳು ನೋಟ್‌ಬುಕ್ ತೆರೆದು ತನ್ನ ಮೂರು ಕಲಂಗಳನ್ನು ಬಹಳ ಹೊತ್ತು ನೋಡಿದಳು.

"ಈಗ ಬೀಜ ಎಲ್ಲ ಒಟ್ಟು ಮಾಡು. ನಿನ್ನ ಪಟ್ಟಿ ನೀನೇ ಮಾಡು" ಅಂದೆ.

ಪಾಠ ಮತ್ತು ಲ್ಯಾಬಿಗೆ 35 ಇಟ್ಟಳು. ಕೆಲಸ ಸಿಗೋದಕ್ಕೆ 25. ಖರ್ಚಿಗೆ 25. ಹಾಸ್ಟೆಲ್, ಊರಿಗೆ ಹೋಗಿಬರುವ ಬಸ್ಸು, ಇದಕ್ಕೆ 10. ಸಂಶೋಧನೆಗೆ 3. ಕಾಲೇಜಿನ ಹೆಸರಿಗೆ 2. ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಖರ್ಚಿನ ಗುಂಪಿನಿಂದ ಒಂದೊಂದೇ ಬೀಜವನ್ನು ಬೆರಳಿನಿಂದ ಜರುಗಿಸುತ್ತಾ ಹೆಸರಿನ ಗುಂಪಿಗೆ ಸೇರಿಸಿದಳು. ಎಂಟು ಬೀಜ.

"ಈ ಎಂಟು ಯಾರಿಗೆ?"

"ಅಪ್ಪಂಗೆ" ಅಂದಳು. ಕಣ್ಣು ತುಂಬಿತ್ತು. "ಮದುವೆ ಮನೇಲಿ ದೊಡ್ಡಪ್ಪ ಎಲ್ಲರ ಮುಂದೆ ಕೇಳ್ತಾರೆ, ಮಗಳು ಯಾವ ಕಾಲೇಜು ಅಂತ. ಅಪ್ಪ ತಲೆ ತಗ್ಗಿಸಬಾರದು."

ಮೂರನೇ ಭೇಟಿಗೆ ಅಪ್ಪನನ್ನು ಕರೆಸಿದೆ. ಬಿತ್ತನೆ ಬಿಟ್ಟು ಜಗಳೂರು ಬಸ್ಸು ಹತ್ತಿ ಬಂದಿದ್ದರು. ಚಿಕ್ಕಪ್ಪನನ್ನು ಫೋನಿನಲ್ಲಿ ಸೇರಿಸಿಕೊಂಡೆವು.

ಚಿಕ್ಕಪ್ಪನ ಮಾತನ್ನು ಪೂರ್ತಿ ಬರೆಯಬೇಕು. ಅದರಲ್ಲಿ ನಿಜ ಇತ್ತು. "ಮೇಡಂ, ನಾನು ಜಿಲ್ಲೆಯ ಕಾಲೇಜಿನಲ್ಲಿ ಓದಿದವನು. ಬೆಂಗಳೂರಿಗೆ ಬಂದಾಗ ಕಾಲೇಜಿನ ಹೆಸರು ಹೇಳಿದರೆ ಅದೆಲ್ಲಿದೆ ಅಂತ ಕೇಳೋರು. ನನ್ನಷ್ಟೇ ಗೊತ್ತಿದ್ದವನನ್ನು ಕರೆದರು, ನನ್ನನ್ನು ಕರೆಯಲಿಲ್ಲ. ಎರಡು ವರ್ಷ ಅಲೆದಿದ್ದೀನಿ. ಅವಳು ಅಲೆಯಬಾರದು." ಅವರ ದನಿ ನಡುಗಿತು. ರ‍್ಯಾಂಕ್ ಪಟ್ಟಿ ಅನ್ಯಾಯ ಅಂತ ಹೇಳಿದ ಮಾತ್ರಕ್ಕೆ ಅದರ ಏಟು ಬೀಳದೆ ಇರೋದಿಲ್ಲ. ದೊಡ್ಡ ಹೆಸರಿನ ಕಾಲೇಜಿಗೆ ಕಂಪನಿಗಳು ಜಾಸ್ತಿ ಹೋಗುತ್ತವೆ ಅನ್ನೋದನ್ನು ನಾನು ಅಲ್ಲಗಳೆಯಲಿಲ್ಲ.

ಅವರಿಗೆ ಒಂದೇ ಕೇಳಿದೆ. "ಆ ಹೆಸರು ನಿಜವಾಗಿ ದೊಡ್ಡದಾ, ಅಥವಾ ಪಟ್ಟಿಯಲ್ಲಿ ಇದೆ ಅಂತ ದೊಡ್ಡದಾ? ಒಂದು ಎಕರೆ ಕೊಡುವ ಮುಂಚೆ ಅದನ್ನು ನೋಡೋಣವಾ?"

ಎನ್‌ಐಆರ್‌ಎಫ್‌ಗೆ ಸೇರುವ ಕಾಲೇಜುಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಈ ಪಟ್ಟಿಯಿಂದ ನಮಗಾದ ದೊಡ್ಡ ಉಪಕಾರ ಇದು ಅಂತ ನಾನು ನಂಬುತ್ತೇನೆ. ರ‍್ಯಾಂಕ್ ನೋಡುವವರು ಸಾವಿರ, ಈ ಪಿಡಿಎಫ್ ತೆರೆಯುವವರು ಒಬ್ಬಿಬ್ಬರು. ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ನಾಲ್ಕೇ ವರ್ಷಕ್ಕೆ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಆಯಿತು, ಎಷ್ಟು ಜನ ಮುಂದೆ ಓದಲು ಹೋದರು, ಕೆಲಸ ಸಿಕ್ಕವರ ಮಧ್ಯದ ಸಂಬಳ ಎಷ್ಟು, ಎಲ್ಲ ಅದರಲ್ಲಿರುತ್ತದೆ.

ಮಧ್ಯದ ಸಂಬಳ ಅಂದರೇನು ಅಂತ ಅಪ್ಪ ಕೇಳಿದರು. ಐದು ಜನ ಗೆಳೆಯರು ಅಂತ ಇಟ್ಟುಕೊಳ್ಳಿ ಅಂದೆ. ವರ್ಷಕ್ಕೆ 3 ಲಕ್ಷ, 3 ಲಕ್ಷ, 4 ಲಕ್ಷ, 5 ಲಕ್ಷ, ಇನ್ನೊಬ್ಬನಿಗೆ 40 ಲಕ್ಷ. ಕಾಲೇಜಿನ ಬೋರ್ಡಿನಲ್ಲಿ ಹಾಕೋದು 40. ಸರಾಸರಿ ತೆಗೆದರೆ 11, ಆದರೆ ನಾಲ್ವರು ಅದರ ಅರ್ಧದಷ್ಟೂ ಕಂಡಿಲ್ಲ. ಸಾಲಾಗಿ ನಿಲ್ಲಿಸಿ ನಡುವಿನವನನ್ನು ಕೇಳಿದರೆ 4. "ಹಂಗಾರೆ ಮಾರ್ಕೆಟ್ ರೇಟ್ ಇದ್ದಂಗೆ" ಅಂದರು ಅಪ್ಪ. "ಯಾರೋ ಒಬ್ಬಂಗೆ ಒಳ್ಳೆ ರೇಟ್ ಸಿಕ್ರೆ ಪೇಪರ್‌ನಾಗೆ ಅದೇ ಬರ್ತತಿ. ನಮ್ಮ ಜ್ವಾಳ ಹೋಗೋದು ನಡುವಿನ ರೇಟಿಗೆ." ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಬೆಂಗಳೂರಿನ ಆ ಕಾಲೇಜಿನ ಕಡತ ತೆರೆದೆವು. ಜಾಹೀರಾತಿನಲ್ಲಿದ್ದ ಸಂಬಳಕ್ಕೂ ಕಡತದ ಮಧ್ಯದ ಸಂಬಳಕ್ಕೂ ಅಜಗಜಾಂತರ. ಕೆಟ್ಟ ಕಾಲೇಜೇನಲ್ಲ. ಆದರೆ ಒಂದು ಎಕರೆಯ ಬೆಲೆಯ ಅಂತರ ಅಲ್ಲಿ ಕಾಣಲಿಲ್ಲ. ಚಿಕ್ಕಪ್ಪ ಆ ಕಡೆಯಿಂದ, "ಇದನ್ನ ನಾನು ನೋಡಿರಲಿಲ್ಲ" ಅಂದರು.

ಆಮೇಲೆ ಚೈತ್ರಳಿಗೆ ಹೇಳಿದೆ, ಎಂಟು ಬೀಜದ ವಿಷಯ ಅಪ್ಪನಿಗೆ ನೀನೇ ಹೇಳು ಅಂತ. ತಲೆ ಬಗ್ಗಿಸಿಕೊಂಡೇ ಹೇಳಿದಳು. ಅಪ್ಪನಿಗೆ ಮೊದಲು ಅರ್ಥ ಆಗಲಿಲ್ಲ. ಅರ್ಥ ಆದಾಗ ಅವಳ ಕಡೆ ತಿರುಗಿ ಕೂತರು. "ನಿಂಗೆ ಬೆಂಗಳೂರು ಬೇಕು ಅಂತ ನಾ ಹೊಲ ಮಾರಾಕೆ ನಿಂತಿದ್ದೆ. ನಂಗೆ ಮದುವಿ ಮನ್ಯಾಗೆ ಯಾರು ಕಾಲೇಜು ಕೇಳ್ತಾರವ್ವಾ? ಮಳಿ ಆತಾ ಅಂತ ಕೇಳ್ತಾರೆ, ಅಷ್ಟೇ."

ಮಗಳು ಅಪ್ಪನ ಮಾನಕ್ಕಾಗಿ ನಂಬರು ಹುಡುಕುತ್ತಿದ್ದಳು. ಅಪ್ಪ ಮಗಳ ಆಸೆಗಾಗಿ ಹೊಲ ಮಾರುತ್ತಿದ್ದರು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ. ಇಂಥ ಮನೆಗಳನ್ನು ಪ್ರತಿ ಜೂನ್, ಜುಲೈನಲ್ಲಿ ನೋಡುತ್ತೇನೆ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ನೀರು ತರೋ ನೆಪದಲ್ಲಿ ಎದ್ದು ಹೊರಗೆ ಹೋದೆ.

ಕೊನೆಗೆ ಕೊಟ್ಟ ಸಲಹೆ ಹೀಗಿತ್ತು. ರ‍್ಯಾಂಕನ್ನು ಬಿಸಾಡಬೇಡ. ಅದನ್ನು ಬಾಗಿಲು ಬಡಿಯೋದಕ್ಕೆ ಇಟ್ಟುಕೋ, ಒಳಗೆ ಹೋಗಿ ನೋಡೋದು ನಿನ್ನ ಕೆಲಸ. 10ನೇ ನಂಬರಿಗೂ 151ರಿಂದ 200ರ ಗುಂಪಿಗೂ ವ್ಯತ್ಯಾಸ ಇರುತ್ತದೆ. 160ಕ್ಕೂ 190ಕ್ಕೂ ಇರುವ ವ್ಯತ್ಯಾಸಕ್ಕೆ ನಿದ್ದೆಗೆಡಬೇಡ, ಆ ಗುಂಪಿನಲ್ಲಿ ಸರ್ಕಾರವೇ ಬಿಡಿ ನಂಬರು ಕೊಡೋದಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ಕೆಟ್ಟದ್ದು ಅಂತಲೂ ಅಲ್ಲ, ಅರ್ಜಿಯನ್ನೇ ಹಾಕದ ಕಾಲೇಜುಗಳೂ ಇರುತ್ತವೆ. ನಿನಗೆ ಬೇಕಾದ ಬ್ರಾಂಚಿಗೆ, ಗುಣಮಟ್ಟ ಪರೀಕ್ಷಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಬಿಎ ಮಾನ್ಯತೆ ಇದೆಯಾ ನೋಡು. ಅದನ್ನು ಬ್ರಾಂಚಿಗೆ ಕೊಡುತ್ತಾರೆ, ಇಡೀ ಕಾಲೇಜಿಗಲ್ಲ. ಸಿಇಟಿ ನಡೆಸುವ ಕೆಇಎ ಹಾಕುವ ಹಳೇ ಕಟ್ ಆಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್ ನೋಡು, ಆದರೆ ಅದು ಜನ ಎಲ್ಲಿಗೆ ನುಗ್ಗಿದರು ಅಂತ ಮಾತ್ರ ಹೇಳುತ್ತದೆ ಅನ್ನೋದು ನೆನಪಿರಲಿ.

ಎಲ್ಲಕ್ಕಿಂತ ಮೊದಲು, ಕೆಲಸದ ದಿನ ನೋಡಿ ಕಾಲೇಜಿಗೆ ಹೋಗು. ಆಫೀಸಿಗೆ ಬೇಡ, ಕ್ಯಾಂಟೀನಿಗೆ ಹೋಗು. ಮೂರನೇ ವರ್ಷದ ಹುಡುಗಿಯರನ್ನು ಕೇಳು: ಲ್ಯಾಬಿನಲ್ಲಿ ಒಂದು ಕಿಟ್‌ಗೆ ಎಷ್ಟು ಜನ? ಯಾವುದಾದರೂ ವಿಷಯ ಫೇಲಾಗಿ ಬ್ಯಾಕ್ ಉಳಿದರೆ ಯಾರಾದರೂ ಕೂರಿಸಿಕೊಂಡು ಹೇಳಿಕೊಡ್ತಾರಾ? ನಿಮ್ಮ ಬ್ರಾಂಚಿಗೆ ಹೋದ ವರ್ಷ ಬಂದ ಕಂಪನಿ ಯಾವುದು? ಸಂಜೆ ಹಾಸ್ಟೆಲ್‌ಗೆ ನಡೆದುಕೊಂಡು ಹೋಗೋಕೆ ಭಯ ಆಗುತ್ತಾ?

ಚಿಕ್ಕಪ್ಪನಿಗೂ ಒಂದು ಕೆಲಸ ಕೊಟ್ಟೆ. ನೀವು ಅಲೆದ ದಾರಿ ಅವಳಿಗೆ ತಪ್ಪಬೇಕು ಅಂದರೆ ಮೂರನೇ ವರ್ಷಕ್ಕೆ ಇಂಟರ್ನ್‌ಶಿಪ್ ಹುಡುಕಲು ಜೊತೆಗಿರಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಕಡಿಮೆ ಬೀಳೋದು ಬುದ್ಧಿಯಲ್ಲ, ಫೋನ್ ಎತ್ತಿ ಹೇಳುವ ಒಬ್ಬ ಪರಿಚಯದವರು. ಅವರು ಆಗಲಿ ಅಂದರು.

ಚೈತ್ರ ಅಮ್ಮನ ಜೊತೆ ಎರಡು ಕಾಲೇಜು ನೋಡಿ ಬಂದಳು. ತನ್ನದೇ ಕ್ರಮದಲ್ಲಿ ಆಪ್ಷನ್ ಹಾಕಿದಳು. ದಾವಣಗೆರೆಯಲ್ಲೇ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಹೊಲ ಉಳಿಯಿತು.

ದಸರಾ ರಜೆಯಲ್ಲಿ ಒಮ್ಮೆ ಬಂದಿದ್ದಳು. ಸರಿಯಾಗಿ ಉಣ್ಣುತ್ತಿದ್ದಾಳೆ, ಮಲಗುತ್ತಿದ್ದಾಳೆ. ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತಕ್ಕೆ ಕಡಿಮೆ ಬಂದಿದೆ ಅಂತ ಬೇಜಾರಿತ್ತು. ಲ್ಯಾಬಿನಲ್ಲಿ ಒಂದು ಕಿಟ್‌ಗೆ ನಾಲ್ಕು ಜನ, ಅದೂ ಬೇಜಾರು. ಅದನ್ನು ಎಚ್‌ಒಡಿ ಹತ್ತಿರ ಹೇಗೆ ಕೇಳೋದು ಅಂತ ಅರ್ಧ ಗಂಟೆ ಮಾತಾಡಿದೆವು. ಹೊರಡುವಾಗ ಕೇಳಿದೆ, ಮನೆಯಲ್ಲಿ ಯಾವುದಾದರೂ ಮದುವೆ ಆಯಿತಾ ಅಂತ.

ಆಯಿತಂತೆ. ದೊಡ್ಡಪ್ಪ ಕೇಳಿಯೂ ಕೇಳಿದರಂತೆ. ಅಪ್ಪ ಎಲೆ ಮೇಲೆ ಅನ್ನ ಕಲಸುತ್ತಲೇ, "ಇ ಅಂಡ್ ಸಿ, ಸರ್ಕಾರಿ ಸೀಟು" ಅಂದು, ಸಾರು ಬಡಿಸುವವನನ್ನು ಕರೆದರಂತೆ.