ಮೇಬಲ್ ನಿಜವಾಗಿಯೂ ವಿಷ ಹಾಕಿದಳೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯ ನಾರ್ಮನ್ ಒಡೆಯರ ಲೇಖನದಲ್ಲಿ ರೋಜರ್ ಮಾಂಟ್‌ಗೊಮೆರಿ ನ್ಯಾಯವಂತ, ಅವನ ಹೆಂಡತಿ ಮೇಬಲ್ ವಿಷ ಹಾಕಿ ಕೊಲ್ಲುವವಳು ಅಂತ ಇದೆ. ಗಂಡ ದೇವರಂಥವನು, ಹೆಂಡತಿ ರಾಕ್ಷಸಿ ಅನ್ನೋ ಕಥೆ ಎಲ್ಲ ಕಡೆಯೂ ಇದ್ದದ್ದೇ. ಇದನ್ನು ಬರೆದಿಟ್ಟವರು ಯಾರು? ಅವರ ಮಕ್ಕಳು ಏನಾದರು?”

ಸಂಪಾದಕರ ಉತ್ತರ:

ನಿಮ್ಮ ಅನುಮಾನಕ್ಕೆ ಕಾರಣವಿದೆ. ಮೇಬಲ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದೆಲ್ಲ ಒಬ್ಬನೇ ಬರೆದದ್ದು. ಅವನು ಆರ್ಡೆರಿಕ್ ವಿಟಾಲಿಸ್, ಉತ್ತರ ಫ್ರಾನ್ಸಿನ ನಾರ್ಮಂಡಿಯ ಸೇಂಟ್ ಎವ್ರು ಮಠದ ಸನ್ಯಾಸಿ. ಅವನು ಹುಟ್ಟಿದ್ದು 1075ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿ ಹತ್ತಿರ. ಅಪ್ಪ ಇದೇ ರೋಜರ್‌ನ ಆಶ್ರಯದಲ್ಲಿದ್ದ ಪಾದ್ರಿ. ಹತ್ತು ವರ್ಷದ ಹುಡುಗನನ್ನು ಅಪ್ಪ ಅಳುತ್ತಲೇ ಕಡಲಾಚೆಯ ಮಠಕ್ಕೆ ಕಳಿಸಿಬಿಟ್ಟ. ಮತ್ತೆಂದೂ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ. ಹುಡುಗ ಮಠ ಸೇರುವ ಹೊತ್ತಿಗೆ ಮೇಬಲ್ ಸತ್ತು ವರ್ಷಗಳೇ ಆಗಿದ್ದವು. ಅವಳ ಕಥೆಗಳನ್ನೆಲ್ಲ ಅವನು ಕೇಳಿದ್ದು ಹಿರಿಯ ಸನ್ಯಾಸಿಗಳ ಬಾಯಲ್ಲಿ.

ಆ ಹಿರಿಯರಿಗೆ ಮೇಬಲ್ ಎಂದರೆ ಆಗುತ್ತಿರಲಿಲ್ಲ. ಮಠ ಕಟ್ಟಿಸಿದ ಮನೆತನಗಳಲ್ಲಿ ಒಂದು ಜಿರುವಾ ಮನೆತನ. ಮೇಬಲ್‌ನ ಅಪ್ಪ ವಿಲಿಯಂ ತಾಲ್ವಾಸ್ ಆ ಮನೆತನದ ಹಿರಿಯನನ್ನು ತನ್ನ ಮದುವೆಗೆ ಕರೆದು ಕಣ್ಣು ಕೀಳಿಸಿದ್ದ. ಹಗೆ ಮಕ್ಕಳ ಕಾಲಕ್ಕೂ ಮುಂದುವರಿಯಿತು. ಮೇಬಲ್ ದೊಡ್ಡ ಪರಿವಾರ ಕಟ್ಟಿಕೊಂಡು ಮಠಕ್ಕೆ ಬಂದು ಇಳಿಯುತ್ತಿದ್ದಳಂತೆ. ಅಷ್ಟು ಜನಕ್ಕೆ ಊಟ ಹಾಕಿ ಮಠದ ಉಗ್ರಾಣ ಬರಿದಾಗಲಿ ಎನ್ನುವುದೇ ಅವಳ ಉದ್ದೇಶ ಎಂದು ಆರ್ಡೆರಿಕ್ ಬರೆಯುತ್ತಾನೆ. ವಿಷದ ಕಥೆ ಬರುವುದೂ ಈ ಹಗೆಯ ನಡುವೆಯೇ. ಜಿರುವಾ ಮನೆಯ ಆರ್ನಾಲ್ಡ್‌ಗೆ ಅಂತ ಇಟ್ಟ ಪಾನೀಯವನ್ನು ರೋಜರ್‌ನ ತಮ್ಮ ಗಿಲ್ಬರ್ಟ್ ಕುಡಿದು ಸತ್ತ, ಆಮೇಲೆ ಆರ್ನಾಲ್ಡನೂ ಹಾಗೇ ಸತ್ತ ಎನ್ನುತ್ತದೆ ಅದು.

ಆ ಕಾಲದಲ್ಲಿ ದಿಢೀರನೆ ಯಾರಾದರೂ ಸತ್ತರೆ ವಿಷ ಎನ್ನುವ ಮಾತು ಸುಲಭವಾಗಿ ಹುಟ್ಟುತ್ತಿತ್ತು. ಮೇಬಲ್ ಸಾಧು ಹೆಂಗಸಾಗಿದ್ದಳು ಎಂದು ನಾನು ಹೇಳುತ್ತಿಲ್ಲ. ಜನರ ಜಮೀನು, ಕೋಟೆಗಳನ್ನು ಅವಳು ಕಿತ್ತುಕೊಂಡದ್ದು ನಿಜ ಎಂದೇ ಕಾಣುತ್ತದೆ, ಅವಳ ಪ್ರಾಣ ಹೋದದ್ದೂ ಅದರಿಂದಲೇ. ಆದರೆ ವಿಷದ ಆರೋಪವನ್ನು ಶತ್ರುವಿನ ಮನೆಯ ಸಾಕ್ಷಿ ಎಂದೇ ಓದಬೇಕು.

ಇನ್ನೊಂದು ಸಾಕ್ಷಿಯೂ ಇದೆ. ಅದನ್ನು ಉಳಿಸಿಕೊಟ್ಟವನೂ ಆರ್ಡೆರಿಕ್‌ನೇ, ಅದಕ್ಕೇ ಅವನ ಮೇಲೆ ನನಗೆ ಗೌರವ. ಮೇಬಲ್‌ಳನ್ನು ಹೂಳಿದ್ದು ತ್ರೊಆರ್ನ್ ಮಠದಲ್ಲಿ. ಅಲ್ಲಿನವರು ಅವಳ ಸಮಾಧಿಗೆ ಬರೆದ ಪದ್ಯದಲ್ಲಿ ಅವಳು ನಾಡಿನ ಗಡಿ ಕಾಯುವ ಬುರುಜು, ತನ್ನ ಆಸ್ತಿಗೆ ಗುರಾಣಿ, ನೆರೆಯವರಲ್ಲಿ ಕೆಲವರಿಗೆ ಬೇಕಾದವಳು, ಕೆಲವರಿಗೆ ಭಯ ಹುಟ್ಟಿಸಿದವಳು. ಇದು ಸ್ನೇಹಿತರ ಪಕ್ಷಪಾತ ಎನ್ನುತ್ತಲೇ ಆರ್ಡೆರಿಕ್ ಪದ್ಯವನ್ನು ಪೂರ್ತಿ ನಕಲು ಮಾಡಿಟ್ಟ.

ಆ ಆಸ್ತಿಯ ಮಾತು ಮುಖ್ಯ. ರೋಜರ್ ದೊಡ್ಡವನಾದದ್ದರಲ್ಲಿ ಹೆಂಡತಿಯ ತವರಿನ ಆಸ್ತಿಯ ಪಾಲು ಬಹಳ ಜಾಸ್ತಿ. ಆ ಆಸ್ತಿ, ಅಂದರೆ ಬೆಲ್ಲೆಮ್ ಸೀಮೆ, ನಾರ್ಮಂಡಿಯ ದಕ್ಷಿಣದ ಗಡಿಯಲ್ಲಿತ್ತು. ಸುತ್ತ ಎಲ್ಲರಿಗೂ ಅದರ ಮೇಲೆ ಕಣ್ಣು. ಅದನ್ನು ಮೃದುವಾಗಿ ಉಳಿಸಿಕೊಳ್ಳುವುದು ಯಾರಿಂದ ತಾನೇ ಆಗುತ್ತಿತ್ತು?

1070ರ ದಶಕದ ಕೊನೆಯ ಒಂದು ಡಿಸೆಂಬರ್ ರಾತ್ರಿ ಅವಳು ಬ್ಯೂರ್ ಎಂಬಲ್ಲಿ ಸ್ನಾನ ಮಾಡಿ ಮಲಗಿದ್ದಳು. ಹ್ಯೂ ಬುನೆಲ್ ಎಂಬವನು ಅಣ್ಣತಮ್ಮಂದಿರ ಜೊತೆ ಕೋಣೆಗೆ ನುಗ್ಗಿ ಕತ್ತಿಯಿಂದ ಅವಳ ತಲೆ ಕಡಿದ. ಅವನ ಕೋಟೆಯನ್ನು ಅವಳು ಕಸಿದುಕೊಂಡಿದ್ದಳು. ಮೇಬಲ್‌ನ ಮಗ (ಅವನ ಹೆಸರೂ ಹ್ಯೂ) ಅಲ್ಲೇ ಇದ್ದ, ಬೆನ್ನಟ್ಟಿದ. ಆದರೆ ಕೊಲೆಗಾರರು ಸೇತುವೆಗಳನ್ನು ಮುರಿದಿದ್ದರು, ಹೊಳೆಗಳು ತುಂಬಿ ಹರಿಯುತ್ತಿದ್ದವು. ಬುನೆಲ್ ದೇಶ ಬಿಟ್ಟು ಓಡಿದ. 1099ರಲ್ಲಿ ಕ್ರೈಸ್ತ ಸೇನೆಗಳು ಜೆರುಸಲೇಮ್‌ಗೆ ಮುತ್ತಿಗೆ ಹಾಕಿದ್ದಾಗ, ಅಲ್ಲಿದ್ದ ನಾರ್ಮಂಡಿಯ ಡ್ಯೂಕ್ (ಆ ನಾಡಿನ ದೊರೆ) ಎದುರು ಬಂದು ನಿಂತ.

ಈಗ ನ್ಯಾಯವಂತ ರೋಜರ್ ವಿಷಯ. 1066ರಲ್ಲಿ ನಾರ್ಮಂಡಿಯಿಂದ ಹೋಗಿ ಇಂಗ್ಲೆಂಡನ್ನು ಗೆದ್ದ ರಾಜ ವಿಲಿಯಂ ಅವನಿಗೆ ಅಲ್ಲಿನ ಸಸೆಕ್ಸ್‌ನಲ್ಲಿ ದೊಡ್ಡ ಪಾಲು ಕೊಟ್ಟ, ಆಮೇಲೆ ಶ್ರಾಪ್‌ಶೈರ್‌ನ ಬಹುಭಾಗ. ಅಲ್ಲಿನ ಶ್ರೂಸ್‌ಬರಿ ಪೇಟೆಯೂ ಅವನ ಕೈಯಲ್ಲಿತ್ತು. 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿ ಆ ಪೇಟೆಯ ಇಂಗ್ಲಿಷ್ ನಿವಾಸಿಗಳ ದೂರು ದಾಖಲಾಗಿದೆ. ಕೋಟೆ ಕಟ್ಟಲು 51 ಮನೆ ನಿವೇಶನ ಹೋಯಿತು. ಇನ್ನೂ 50 ಪಾಳು ಬಿದ್ದಿವೆ. ಕೆಲವು 43 ಮಂದಿ ಫ್ರೆಂಚರ ಕೈಯಲ್ಲಿವೆ. 39 ಮಂದಿಯನ್ನು ಒಡೆಯ ತನ್ನ ಹೊಸ ಮಠಕ್ಕೆ ಬರೆದುಕೊಟ್ಟಿದ್ದಾನೆ. ಕಂದಾಯ ಮಾತ್ರ ಹಳೆಯ ದೊರೆಯ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ, ಉಳಿದವರೇ ಕಟ್ಟಬೇಕು. ಇದು ನಮಗೆ ತೀರಾ ಕಷ್ಟ ಎಂದು ಅವರು ಹೇಳಿಕೊಂಡಿದ್ದಾರೆ. ಆ ಹೊಸ ಮಠಕ್ಕೆ ಮುಂದೆ ನಿಂತವನು ಆರ್ಡೆರಿಕ್‌ನ ಅಪ್ಪ. ರೋಜರ್‌ಗೆ ಒಳ್ಳೆಯ ಹೆಸರು ಬಂದದ್ದು ಹೇಗೆ ಎಂದು ಇಲ್ಲಿ ಗೊತ್ತಾಗುತ್ತದೆ, ಅಲ್ವಾ? 1094ರಲ್ಲಿ ಸಾಯುವ ಮುಂಚೆ ಅವನು ಅದೇ ಮಠದಲ್ಲಿ ಸನ್ಯಾಸ ತೆಗೆದುಕೊಂಡ.

ಮಕ್ಕಳ ವಿಷಯ. ನಾರ್ಮಂಡಿಯ ಪಿತ್ರಾರ್ಜಿತ ಹಿರಿಯ ಮಗ ರಾಬರ್ಟ್‌ಗೆ, ಇಂಗ್ಲೆಂಡಿನ ಸ್ವಯಾರ್ಜಿತ ಹ್ಯೂಗೆ ಹೋಯಿತು. 1098ರಲ್ಲಿ ವೇಲ್ಸ್‌ನ ಆಂಗ್ಲೆಸಿ ತೀರದಲ್ಲಿ ನಾರ್ವೆ ರಾಜನ ಹಡಗಿನಿಂದ ಬಂದ ಬಾಣ ತಗುಲಿ ಹ್ಯೂ ಸತ್ತ. ಅವನ ಪಾಲು ಪಡೆಯಲು ರಾಬರ್ಟ್ ರಾಜನಿಗೆ 3000 ಪೌಂಡ್ ಕೊಟ್ಟನೆಂದು ಆರ್ಡೆರಿಕ್ ಹೇಳುತ್ತಾನೆ. ನಾಲ್ಕೇ ವರ್ಷದಲ್ಲಿ ಹೊಸ ರಾಜ ಮೊದಲನೇ ಹೆನ್ರಿಯ ವಿರುದ್ಧ ದಂಗೆಯೆದ್ದು ಇಂಗ್ಲೆಂಡಿನದೆಲ್ಲವನ್ನೂ ಕಳೆದುಕೊಂಡ. 1112ರಲ್ಲಿ ಸೆರೆ ಸಿಕ್ಕವನು ಮತ್ತೆ ಹೊರಗೆ ಬರಲಿಲ್ಲ.

ಮಗಳು ಎಮ್ಮಾ ಅಲ್ಮೆನೆಷ್ ಕನ್ಯಾಮಠದ ಮುಖ್ಯಸ್ಥೆ. ಡ್ಯೂಕ್ ಜೊತೆಗಿನ ಜಗಳದಲ್ಲಿ ಅಣ್ಣ ರಾಬರ್ಟನೇ ಆ ಮಠಕ್ಕೆ ಬೆಂಕಿ ಇಟ್ಟ. ಎಮ್ಮಾ ಮೂವರು ಸನ್ಯಾಸಿನಿಯರೊಂದಿಗೆ ಆಸರೆ ಕೇಳಿ ಹೋದದ್ದು ಸೇಂಟ್ ಎವ್ರುಗೆ, ತನ್ನ ತಾಯಿಯನ್ನು ಅಷ್ಟು ದ್ವೇಷಿಸಿದ ಮಠಕ್ಕೆ. ಅವರು ಜಾಗ ಕೊಟ್ಟರು. ಆರ್ಡೆರಿಕ್ ಆಗ ಅಲ್ಲೇ ಇದ್ದ. ತಿಂಗಳುಗಳ ನಂತರ ಅವಳು ವಾಪಸ್ ಹೋಗಿ ಸುಟ್ಟ ಮಠವನ್ನು ಮತ್ತೆ ಕಟ್ಟಿಸಿದಳು.

ವಂಶ ಅಲ್ಲಿಗೇ ಮುಗಿಯಲಿಲ್ಲ. ರಾಬರ್ಟ್‌ನ ಮಗ ವಿಲಿಯಂ ಪೊಂತ್ಯೂ ಸೀಮೆಯ ಒಡೆಯನಾದ. 1119ರಲ್ಲಿ ನಾರ್ಮಂಡಿಯ ಹಳೆಯ ಜಮೀನಿನಲ್ಲೂ ಬಹಳಷ್ಟು ಅವನಿಗೆ ವಾಪಸ್ ಸಿಕ್ಕಿತು. ಪೊಂತ್ಯೂ ಅವನಿಗೆ ಬಂದದ್ದು ತಾಯಿ ಆಗ್ನೆಸ್ ಕಡೆಯಿಂದ.