ಪೆಟ್ರೋಲ್ ವಾಸನೆಯಿಲ್ಲದ ದೈತ್ಯ ಟ್ರಕ್

ಪ್ರಶ್ನೆ: ಅಮೆರಿಕದ ಟ್ರ್ಯಾಕ್ಸಸ್ ಕಂಪನಿಯ ‘ಎಕ್ಸ್-ಮ್ಯಾಕ್ಸ್’ ಎಂಬ, ರಿಮೋಟಿನಿಂದ ಓಡಿಸುವ ವಿದ್ಯುತ್ ಮಾನ್‌ಸ್ಟರ್ ಟ್ರಕ್ (ದಪ್ಪ ಚಕ್ರಗಳ ಆಟಿಕೆ ಟ್ರಕ್) 2015ರಲ್ಲಿ ಬಂದಾಗ ಹವ್ಯಾಸಿಗಳಲ್ಲಿ ಕೆಲವರು ಹಿಗ್ಗಿದರೆ ಕೆಲವರು ಗೊಣಗಿದ್ದೇಕೆ?

ಉತ್ತರ: ಇಷ್ಟು ದೊಡ್ಡ ಗಾಡಿಗೆ ಪೆಟ್ರೋಲ್ ಎಂಜಿನ್ನೇ ಬೇಕೆಂದು ನಂಬಿದ್ದವರಿಗೆ, ಸುಮಾರು ಎಂಟೂವರೆ ಕಿಲೋ ತೂಗುವ ಈ ಟ್ರಕ್ ಕಾರ್ಬ್ಯುರೇಟರ್ ತಿರುವುವ ಗೋಜಿಲ್ಲದೆ ಓಡುವುದೂ, ಅಂಗಾತ ಬಿದ್ದಾಗ ರಿಮೋಟಿನ ಗುಂಡಿ ಒತ್ತಿದರೆ ತಾನೇ ಹೊರಳಿ ನಿಲ್ಲುವುದೂ ಬೆರಗು ಹುಟ್ಟಿಸಿದವು. ಗೊಣಗಾಟ ಮುಖ್ಯವಾಗಿ ಖರ್ಚಿನದು. ಈ ಟ್ರಕ್ಕಿಗೆ ಎರಡು ಲಿಥಿಯಂ ಪಾಲಿಮರ್ ಬ್ಯಾಟರಿಗಳು ಬೇಕು. ಅವನ್ನೂ ಚಾರ್ಜರನ್ನೂ ಬೇರೆಯಾಗಿಯೇ ಕೊಳ್ಳಬೇಕು. ಈ ದೂರು ನನಗೂ ನ್ಯಾಯವೆನಿಸುತ್ತದೆ. ಎಂಜಿನ್ನಿನ ಸದ್ದಿಲ್ಲವೆಂಬ ಕೊರಗು ಮಾತ್ರ ಅಕ್ಕಪಕ್ಕದ ಮನೆಯವರಿಗಿರಲಾರದು. ಆಟ ಮುಗಿದ ಮೇಲೆ ಬ್ಯಾಟರಿಯ ಪ್ರತಿ ಕೋಶವನ್ನೂ ಸುಮಾರು 3.8 ವೋಲ್ಟಿನಲ್ಲಿ ಇರಿಸಬೇಕು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು.